ಒಂದು ಕಾಲು ಒಳಗೆ

ಬ್ಯಾಗನ್ನ ನಾನು ಬೆನ್ನಿಗೆ ಹಾಕ್ಕೊಳಲ್ಲ, ಎದೆಗೆ ಹಾಕ್ಕೋತೀನಿ. ಹಾಸನದ ಬಸ್ ಸ್ಟ್ಯಾಂಡಲ್ಲಿ ನರಪಿಳ್ಳೆ ಇಲ್ದೆ ಇದ್ರೂ ಅಷ್ಟೇ, ಸಂತೆಗೆ ಹೋದ್ರೂ ಅಷ್ಟೇ. ಮನೆಯವಳು "ಕೂಸು ಎತ್ಕೊಂಡಂಗೆ ಎತ್ಕೊಂಡಿದೀರಲ್ಲ, ಟೋಪಿನೂ ಹಾಕ್ಬಿಡಿ ಅದಕ್ಕೆ" ಅಂತ ರೇಗಿಸ್ತಾಳೆ. ಷರ್ಟಿನ ಜೇಬಲ್ಲಿ ಪೆನ್ನು ಬಿಟ್ರೆ ಏನೂ ಇಡಲ್ಲ, ಪರ್ಸು ಯಾವಾಗ್ಲೂ ಪ್ಯಾಂಟಿನ ಮುಂದಿನ ಜೇಬಲ್ಲಿ. ಮುಂಬೈ ಬಿಟ್ಟು ಬಂದು ಹದಿನಾಲ್ಕು ವರ್ಷ ಆಯ್ತು, ಆದ್ರೂ ಈ ಚಟಗಳು ಹೋಗಿಲ್ಲ. ಒಂದ್ಸಲ ಅರಸೀಕೆರೆಗೆ ಹೋಗೋಕೆ ಇಲ್ಲಿ ಪ್ಯಾಸೆಂಜರ್ ಗಾಡಿ ಹತ್ತುವಾಗ, ಬಾಗಿಲ ಹತ್ರ ನಾನು ಮತ್ತೆ ಒಬ್ಬ ಅಜ್ಜಿ, ಇಬ್ಬರೇ ಇದ್ದಿದ್ದು, ಗಾಡಿ ನಿಲ್ಲೋಕೆ ಮುಂಚೆನೇ ನನ್ನ ಬಲಗಡೆ ಭುಜ ತಾನಾಗೇ ಮುಂದಕ್ಕೆ ಹೋಗಿ ಆಯಮ್ಮನಿಗೆ ತಾಗ್ತು. ಅಜ್ಜಿ ತಿರುಗಿ ನೋಡಿ "ಯಾಕ್ಲಾ ಮಗಾ, ಗಾಡಿ ಏನು ನಿನ್ ಬಿಟ್ಟು ಓಡೋಯ್ತದಾ? ನಿಧಾನಕ್ಕೆ ಹತ್ತು" ಅಂತು. ಒಳಗೆ ಹೋಗಿ ನೋಡಿದ್ರೆ ಇಡೀ ಬೋಗಿಲಿ ಏಳೆಂಟು ಜನ. ಆವತ್ತು ನಕ್ಕು ಸುಮ್ಮನಾಗಿದ್ದೆ, ಆಮೇಲೆ ಎಷ್ಟೋ ಜನಕ್ಕೆ ಇದನ್ನ ತಮಾಷೆಯಾಗಿ ಹೇಳಿದೀನಿ ಕೂಡ.

2025ರ ಜೂನಿಂದ ಆ ತಮಾಷೆ ಹೇಳೋಕೆ ಆಗ್ತಿಲ್ಲ. ಜೂನ್ 9, ಸೋಮವಾರ ಬೆಳಿಗ್ಗೆ. ಬಿ.ಎಂ. ರೋಡಲ್ಲಿ ನಾನು ದಿನಾ ಟೀ ಕುಡಿಯೋ ಅಂಗಡಿ ಟಿವಿಲಿ ಮುಂಬೈ ಹತ್ರದ ಮುಂಬ್ರಾ ಅಂತ ಸ್ಟೇಷನ್ ಹೆಸರು ಬಂತು. ಎದುರು ಬದುರು ಹೋಗ್ತಿದ್ದ ಎರಡು ಲೋಕಲ್ಲು, ಎರಡರಲ್ಲೂ ಬಾಗಿಲಲ್ಲಿ ಜೋತು ಬಿದ್ದಿದ್ದ ಜನ, ತಿರುವಲ್ಲಿ ಒಬ್ಬರಿಗೊಬ್ಬರು ತಗುಲಿ ಹಳಿ ಮೇಲೆ ಬಿದ್ರು, ಸತ್ರು. ಅಂಗಡಿಯವನು "ಅಲ್ಲಣ್ಣ, ಜಾಗ ಇಲ್ಲ ಅಂದ್ಮೇಲೆ ಮುಂದಿನ ಗಾಡಿಗೆ ಹೋಗೋಕೇನು ಇವ್ರಿಗೆ?" ಅಂದ. ನಾನು ಉತ್ತರ ಹೇಳೋಕೆ ಹೋದೆ, ಹೇಳೋಕಾಗ್ಲಿಲ್ಲ. ಉತ್ತರ ಗೊತ್ತಿಲ್ದೆ ಅಲ್ಲ. ಮುಂಬ್ರಾ ಅಂದ ತಕ್ಷಣ ನನ್ನ ಕಣ್ಣಿಗೆ ಬಂದಿದ್ದು ಒಂದು ನೀಲಿ ಹವಾಯಿ ಚಪ್ಪಲಿ. ಅದರ ವಿಷ್ಯ ಆಮೇಲೆ ಹೇಳ್ತೀನಿ, ಮೊದಲು ಅಂಗಡಿಯವನಿಗೆ ಹೇಳದೆ ಉಳಿದಿದ್ದನ್ನ ಹೇಳಿಬಿಡ್ತೀನಿ.

ಎಂಟು ಹನ್ನೆರಡರ ಫಾಸ್ಟು

1999ರಲ್ಲಿ ಹೋದಾಗ ನನಗೆ ಇಪ್ಪತ್ತನಾಲ್ಕು. ಫೋರ್ಟ್ ಕಡೆ ಒಂದು ಶಿಪ್ಪಿಂಗ್ ಆಫೀಸಲ್ಲಿ ಅಕೌಂಟ್ಸ್ ಕೆಲಸ, ಡೊಂಬಿವಿಲಿಲಿ ನಾಲ್ಕು ಜನ ಸೇರಿ ಒಂದು ರೂಮು. ಮದುವೆ ಆದ್ಮೇಲೂ ಹೆಂಡತಿ, ಮಗು ಹಾಸನದಲ್ಲೇ ನಮ್ಮಮ್ಮನ ಜೊತೆ ಇದ್ರು, ನಾನು ವರ್ಷಕ್ಕೆರಡು ಸಲ ಬಂದು ಹೋಗ್ತಿದ್ದೆ. ಡೊಂಬಿವಿಲಿಯಿಂದ ವಿಟಿಗೆ, ಅಂದ್ರೆ ವಿಕ್ಟೋರಿಯಾ ಟರ್ಮಿನಸ್ಸಿಗೆ, ಸುಮಾರು 48 ಕಿಲೋಮೀಟರ್. ವಿಟಿಗೆ 1996ರಲ್ಲೇ ಛತ್ರಪತಿ ಶಿವಾಜಿ ಟರ್ಮಿನಸ್ ಅಂತ ಹೆಸರು ಬದಲಾಗಿತ್ತು, ಬೋರ್ಡಲ್ಲಿ ಬಿಟ್ರೆ ನಮ್ಮ ಬಾಯಲ್ಲಿ ಬದಲಾಗಿರ್ಲಿಲ್ಲ. ಹಾಸನದಿಂದ ಸಕಲೇಶಪುರಕ್ಕೆ ಹೋಗಿ ಇನ್ನೂ ಒಂದಿಷ್ಟು ಘಾಟಿ ಇಳಿದಷ್ಟು ದೂರ ಅದು, ದಿನಾ ಬೆಳಿಗ್ಗೆ ಹೋಗಿ ಸಂಜೆ ಬರೋದು. ಎಲ್ಲ ಸ್ಟೇಷನ್ನಲ್ಲೂ ನಿಲ್ಲದ ಫಾಸ್ಟ್ ಸಿಕ್ಕಿದ್ರೆ ಒಂದು ಗಂಟೆ ಚಿಲ್ಲರೆ. ಸ್ಲೋ ಆದ್ರೆ ಅದರ ಮೇಲೆ ಎಷ್ಟಾಗುತ್ತೋ.

ಮೊದಲನೇ ತಿಂಗಳು ನನಗೆ ಗಾಡಿ ಹತ್ತೋಕೇ ಬರ್ತಿರ್ಲಿಲ್ಲ. ನಗಬೇಡಿ, ಅದೊಂದು ವಿದ್ಯೆ. ಹಾಸನದ ಕಡೆ ಬೆಳೆದವನು ನಾನು, ಗಾಡಿ ನಿಂತ್ಮೇಲೆ ಇಳಿಯೋರು ಇಳಿದು ಆಮೇಲೆ ಹತ್ತೋದು ಅಂತ ತಿಳ್ಕೊಂಡಿದ್ದವನು. ಅಲ್ಲಿ ಇಂಡಿಕೇಟರ್ ನೋಡ್ಬೇಕು, ಫಾಸ್ಟೋ ಸ್ಲೋನೋ, ಆಗ ಒಂಬತ್ತು ಡಬ್ಬದ್ದೂ ಇತ್ತು ಹನ್ನೆರಡು ಡಬ್ಬದ್ದೂ ಇತ್ತು, ಒಂಬತ್ತು ಅಂದ್ರೆ ನೀನು ನಿಂತಿರೋ ಜಾಗಕ್ಕೆ ಗಾಡಿ ಬಾಲವೇ ಬರಲ್ಲ, ಓಡು. ಬಾಗಿಲು ಎಲ್ಲಿ ಬಂದು ನಿಲ್ಲುತ್ತೆ ಅಂತ ಪ್ಲಾಟ್‌ಫಾರ್ಮಿನ ಯಾವುದೋ ಕಂಬ, ಯಾವುದೋ ಬೂಟ್ ಪಾಲಿಶ್‌ನವನ ಪೆಟ್ಟಿಗೆ ಗುರುತಿಟ್ಕೋಬೇಕು. ಹತ್ತೋದು ಅನ್ನೋದೇ ತಪ್ಪು ಮಾತು, ಸರಿಯಾದ ಜಾಗದಲ್ಲಿ ನಿಂತು ಮೈ ಸಡಿಲ ಬಿಟ್ರೆ ಹಿಂದಿನವರೇ ಒಳಗೆ ಹಾಕ್ತಾರೆ, ಸೆಟೆದು ನಿಂತವನು ಪ್ಲಾಟ್‌ಫಾರ್ಮಲ್ಲೇ ಉಳೀತಾನೆ. ಇದನ್ನ ನನಗೆ ಹೇಳಿಕೊಟ್ಟಿದ್ದು ನಮ್ಮ ರೂಮಿನ ಉಡುಪಿ ಕಡೆಯ ಒಬ್ರು, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದೋರು. "ಮಾರಾಯ, ನೀನು ಹತ್ತುದಲ್ಲ, ನಿನ್ನನ್ನು ಹತ್ತಿಸ್ತಾರೆ. ನೀನು ಸುಮ್ಮನೆ ಅಡ್ಡ ಬರಬೇಡ, ಆಯ್ತಾ" ಅಂದಿದ್ರು.

ಅವರ ಡಬ್ಬದಲ್ಲೇ ನನಗೂ ಒಂದು ಗುಂಪು ಸಿಕ್ತು. ಇಬ್ರು ಉಡುಪಿಯೋರು, ಒಬ್ಬ ಗುಲ್ಬರ್ಗದೋನು, ಮಿಕ್ಕವರೆಲ್ಲ ಮರಾಠಿಯವರು. ಗುಂಪಿಗೆ ಒಂದು ಕಾನೂನಿತ್ತು, ಎಲ್ಲೂ ಬರೆದಿರ್ಲಿಲ್ಲ, ಯಾರೂ ಮುರೀತಿರ್ಲಿಲ್ಲ: ಡೊಂಬಿವಿಲಿಲಿ ಕೂತವನು ದಾರಿಲಿ ಠಾಣೆ ಅನ್ನೋ ಊರು ಬಂದ್ಮೇಲೆ ಎದ್ದು, ನಿಂತವನಿಗೆ ಸೀಟು ಕೊಡ್ಬೇಕು. ಮೂರು ಜನದ ಸೀಟಲ್ಲಿ ನಾಲ್ಕನೆಯವನು ಅರ್ಧ ಕುಂಡೆ ಊರ್ಕೊಂಡು ಕೂರೋದು ಇದೆಯಲ್ಲ, ಆ ಚೌಥಿ ಸೀಟಿಗೂ ಸರದಿ. ಪಕ್ಕದ ಡಬ್ಬದಲ್ಲಿ ಭಜನೆ ಗುಂಪು, ತಾಳ ಹಾಕ್ಕೊಂಡು ವಿಠ್ಠಲನ್ನ ಕರೀತಾ ಬರೋರು. ಯಾರದೋ ಬರ್ತ್‌ಡೇ ಅಂದ್ರೆ ಸಮೋಸ, ದಸರಾಕ್ಕೆ ಡಬ್ಬಕ್ಕೇ ಹೂವಿನ ಹಾರ, ಪೂಜೆ. ನನಗೆ ಟೈಫಾಯ್ಡ್ ಆಗಿ ಹತ್ತು ದಿನ ಕಾಣಿಸ್ದೆ ಇದ್ದಾಗ ಗುಂಪಿನ ಮೂವರು ಮನೆ ಹುಡುಕ್ಕೊಂಡು ಬಂದಿದ್ರು, ಅವರ ಪೂರ್ತಿ ಹೆಸರು ಆವತ್ತೇ ನನಗೆ ಗೊತ್ತಾಗಿದ್ದು. ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಮುಂಬೈ ಲೋಕಲ್ ಬಗ್ಗೆ ಬರೆಯೋರೆಲ್ಲ ಇದನ್ನೇ ಬರೀತಾರೆ, ಇದು ಸುಳ್ಳಲ್ಲ. ಆದ್ರೆ ಇದೆಲ್ಲ ನಡೀತಿದ್ದಿದ್ದು ಗಾಡಿ ಟೈಮಿಗೆ ಬಂದ ದಿನ.

ಒಂದು ಗಾಡಿ ಬರ್ಲಿಲ್ಲ ಅಂದ್ರೆ

ನಾನು ಲೆಕ್ಕ ಬರೆಯೋನು, ಲೆಕ್ಕದಲ್ಲೇ ಹೇಳ್ತೀನಿ. ಒಂಬತ್ತು ಡಬ್ಬದ ಒಂದು ಲೋಕಲ್ಲಿಗೆ ರೈಲ್ವೆ ಲೆಕ್ಕದಲ್ಲಿ ಸುಮಾರು 1,700 ಜನ. ಬೆಳಗಿನ ಹೊತ್ತು ಅದರಲ್ಲಿ ಇರ್ತಿದ್ದಿದ್ದು 4,500ರಿಂದ 5,000. ಒಂದು ಚದರ ಮೀಟರಲ್ಲಿ 14ರಿಂದ 16 ಜನ ನಿಲ್ತಾರೆ ಅಂತ ಅವರದೇ ಅಂದಾಜು. ಒಂದು ಚದರ ಮೀಟರ್ ಅಂದ್ರೆ ನಮ್ಮನೆ ಬಾಗಿಲ ಮುಂದೆ ರಂಗೋಲಿ ಬಿಡೋ ಜಾಗ, ಅಲ್ಲಿ ಹದಿನಾರು ಜನ ನಿಂತಿರೋದನ್ನ ಒಂದ್ಸಲ ಯೋಚನೆ ಮಾಡಿ. ಇದಕ್ಕೆ 'ಸೂಪರ್ ಡೆನ್ಸ್ ಕ್ರಶ್ ಲೋಡ್' ಅಂತ ಹೆಸರು ಬೇರೆ ಇದೆ. (ಹೆಸರಿಟ್ಟವನು ಒಂದು ದಿನ ಆ ಲೋಡಲ್ಲಿ ಬಂದಿದ್ನಾ ಅಂತ ನನಗೆ ಅನುಮಾನ.) ಈಗ ಈ ಗಾಡಿಗಳು ಮೂರು ನಾಲ್ಕು ನಿಮಿಷಕ್ಕೊಂದು ಬರ್ತಿರ್ತವೆ ಅಂತಿಟ್ಕೊಳಿ. ಒಂದು ಕ್ಯಾನ್ಸಲ್ ಆಯ್ತು. ಆ ಐದು ಸಾವಿರದಲ್ಲಿ ನಮ್ಮ ಪಾಲಿನೋರು ಪ್ಲಾಟ್‌ಫಾರ್ಮಲ್ಲೇ ಉಳಿದ್ರು, ಮುಂದಿನ ಗಾಡಿಯೋರೂ ಬಂದು ಸೇರ್ಕೊಂಡ್ರು. ಮುಂದಿನ ಗಾಡಿ ಕಲ್ಯಾಣದಿಂದಲೇ ತುಂಬಿ ಬರುತ್ತೆ. ಅದಕ್ಕೆ ಅರ್ಧ ಜನ ಹತ್ತಿದ್ರೆ ಹೆಚ್ಚು. ಅಷ್ಟೊತ್ತಿಗೆ ಅದರ ಮುಂದಿನ ಗಾಡಿಯೋರು ಬಂದ್ರು. ಹತ್ತೋಕೆ ಹೊತ್ತಾಗಿ ಗಾಡಿ ಹೊರಡೋದು ತಡ, ತಡ ಆಗಿದ್ದಕ್ಕೆ ಹಿಂದಿನದೂ ತಡ. ಒಂಬತ್ತು ಗಂಟೆಗೆ ಎಲ್ಲೋ ಒಂದು ತಂತಿ ಕಿತ್ತಿದ್ರೆ ಮಧ್ಯಾಹ್ನ ಊಟದ ಹೊತ್ತಿಗೂ ಅದರ ಕಗ್ಗಂಟು ಬಿಚ್ಚಿರ್ತಿರ್ಲಿಲ್ಲ. "ಮುಂದಿನ ಗಾಡಿಗೆ ಹೋಗೋಕೇನು" ಅಂದ್ರೆ ಇದೇ ಉತ್ತರ. ಮುಂದಿನ ಗಾಡಿ ಇದಕ್ಕಿಂತ ಕಡೆ.

ಕೆಡೋಕೆ ಕಾರಣ ಬೇಕಾದಷ್ಟು. ಮೇಲಿನ ಕರೆಂಟ್ ತಂತಿ, ಸಿಗ್ನಲ್ಲು, ಹಳಿ ದಾಟೋನು ಸಿಕ್ಕಾಕ್ಕೊಳೋದು, ಮಳೆಗಾಲ ಬಂದ್ರೆ ಕುರ್ಲಾ ಸಾಯನ್ ಮಧ್ಯೆ ತಗ್ಗಲ್ಲಿ ನೀರು. ದಿವಾದಲ್ಲಿ ಒಂದು ಫಾಟಕ್ ಇತ್ತು, ರಸ್ತೆ ಗಾಡಿಗಳು ದಾಟೋ ತನಕ ಅದು ಮುಚ್ತಿರ್ಲಿಲ್ಲ, ಅದು ಮುಚ್ಚೋ ತನಕ ನಮಗೆ ಸಿಗ್ನಲ್ ಬೀಳ್ತಿರ್ಲಿಲ್ಲ. 2005ರ ಜುಲೈ 26ರ ಬಗ್ಗೆ ನಾನು ಹೆಚ್ಚು ಹೇಳಲ್ಲ, ಎಲ್ಲರೂ ಹೇಳಿ ಆಗಿದೆ, ಸಾಂತಾಕ್ರೂಜಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ, ನಮ್ಮ ಹಾಸನ ಟೌನಿಗೆ ವರ್ಷ ಪೂರ್ತಿ ಬೀಳೋದಕ್ಕೆ ಹತ್ರ ಹತ್ರ. ನಾನು ಆಫೀಸಿನ ಟೇಬಲ್ ಮೇಲೆ ಮಲಗಿದ್ದೆ, ನನಗಿಂತ ಕಷ್ಟಪಟ್ಟೋರು ಲಕ್ಷಾಂತರ ಜನ. ಆ ಥರದ ದೊಡ್ಡ ದಿನಗಳಲ್ಲಿ ಜನ ನಿಜವಾಗ್ಲೂ ಒಳ್ಳೆಯವರಾಗಿಬಿಡ್ತಾರೆ. ಗುರುತಿಲ್ಲದವರ ಮನೆಲಿ ಮಲಗ್ತಾರೆ, ಬಿಸ್ಕೆಟ್ ಹಂಚ್ತಾರೆ. ಮಾರನೇ ದಿನ ಪೇಪರಲ್ಲಿ ಮುಂಬೈ ಸ್ಪಿರಿಟ್ ಅಂತ ಹೆಡ್ಡಿಂಗು.

ಕಷ್ಟ ಇರೋದು ಸಣ್ಣ ದಿನಗಳಲ್ಲಿ. ಪೇಪರಿಗೆ ಬರದೇ ಇರೋ, ಬರೀ ಇಪ್ಪತ್ತೈದು ನಿಮಿಷ ಲೇಟಾದ ದಿನ. ಆಫೀಸಿಗೆ ರಜಾ ಇಲ್ಲ, ಯಾರೂ ನಿನ್ನ ಮೇಲೆ ಅಯ್ಯೋ ಅನ್ನಲ್ಲ, ನಮ್ಮ ಆಫೀಸಲ್ಲಿ ಮೂರು ಲೇಟ್ ಮಾರ್ಕ್ ಬಿದ್ರೆ ಅರ್ಧ ದಿನದ ಸಂಬಳ ಕಟ್. ಸ್ಪಿರಿಟ್ಟೂ ಇಲ್ಲ ಎಂತದೂ ಇಲ್ಲ, ಸಂಬಳ ಕಟ್ಟಾಗುತ್ತೆ ಅಂತ ಹೋಗ್ತಿದ್ವಿ. ಅನೌನ್ಸ್‌ಮೆಂಟಲ್ಲಿ "ಯಾತ್ರಿಯೋಂ ಕೋ ಹುಯೀ ಅಸುವಿಧಾ ಕೇ ಲಿಯೇ ಖೇದ್ ಹೈ" ಅಂತ ಆಯಮ್ಮ ಹೇಳ್ತಾನೇ ಇರೋಳು, ಎಷ್ಟು ಹೊತ್ತಾಗುತ್ತೆ ಅಂತ ಮಾತ್ರ ಹೇಳ್ತಿರ್ಲಿಲ್ಲ. ಹತ್ತು ನಿಮಿಷ ಅಂದಿದ್ರೆ ಕಾಯ್ತಿದ್ವಿ, ಎರಡು ಗಂಟೆ ಅಂದಿದ್ರೆ ರೂಮಿಗೆ ವಾಪಸ್ ಹೋಗಿ ಮಲಗ್ತಿದ್ವಿ. ಗೊತ್ತಿಲ್ಲ ಅಂದಾಗ ಏನ್ಮಾಡ್ತಾನೆ ಮನುಷ್ಯ? ಬಂದಿದ್ದಕ್ಕೆ ನೇತಾಕ್ಕೋತಾನೆ. ಗರ್ದಿ ಅಭ್ಯಾಸ ಆಗಿತ್ತು ನನಗೆ, ಮೂರು ತಿಂಗಳಲ್ಲಿ ಆಗೋಯ್ತು. ಈ ಗೊತ್ತಿಲ್ದೆ ನಿಲ್ಲೋದು ಹನ್ನೆರಡು ವರ್ಷ ಆದ್ರೂ ಆಗ್ಲಿಲ್ಲ.

ಚಪ್ಪಲಿ

2007ರ ಮಳೆಗಾಲ. ತಾರೀಖು ಮರೆತೋಗಿದೆ, ವಾರ ನೆನಪಿದೆ, ಶುಕ್ರವಾರ, ಯಾಕಂದ್ರೆ ಆ ವಾರ ಆಗ್ಲೇ ಎರಡು ಲೇಟ್ ಮಾರ್ಕ್ ಬಿದ್ದಿತ್ತು. ಎಂಟು ಹನ್ನೆರಡರ ಫಾಸ್ಟ್ ಬರ್ಲಿಲ್ಲ. ಅದರ ಮುಂದಿನದೂ ಬರ್ಲಿಲ್ಲ. ಸ್ಲೋ ಬರ್ತಿವೆ ಅಂತ ಜನ ಎಲ್ಲ ಬ್ರಿಜ್ ಹತ್ತಿ ಆ ಕಡೆ ಪ್ಲಾಟ್‌ಫಾರ್ಮಿಗೆ ಓಡಿದ್ರು, ನಾನೂ ಓಡಿದೆ. ನಮ್ಮ ಗುಂಪು ಅಲ್ಲೇ ಚದುರಿ ಹೋಯ್ತು. ಎರಡು ಸ್ಲೋ ಬಿಟ್ಟೆ. ಮೂರನೇದಕ್ಕೆ ಒಂದು ಕಾಲು ಇಡೋಕಾಯ್ತು. ಒಂದು ಕಾಲು ಒಳಗೆ, ಒಂದು ಗಾಳಿಲಿ, ಕೈ ಮೇಲಿನ ಹಿಡಿಕೆಗೆ. "ಭಾಯ್ ಥೋಡಾ ಅಂದರ್, ಥೋಡಾ ಅಂದರ್" ಅಂತ ನಾನು ಕೂಗ್ತಿದೀನಿ. ಒಳಗಿನೋರು "ಜಾಗಾ ನಹೀ ಹೈ" ಅಂತಿದಾರೆ. ನನಗೆ ಅವರ ಮೇಲೆ ಉರೀತಿತ್ತು, ಮಧ್ಯದಲ್ಲಿ ಜಾಗ ಇರುತ್ತೆ ಅಂತ ನನಗೆ ಗೊತ್ತಿಲ್ವಾ. ಹೆಂಗೋ ಗಾಡಿ ಅಲ್ಲಾಡಿ ಅಲ್ಲಾಡಿ ಅಕ್ಕಿ ಮೂಟೆ ಕೂತಂಗೆ ಜನ ಕೂತ್ರು, ನನ್ನ ಎರಡನೇ ಕಾಲೂ ಒಳಗೆ ಬಂತು. ಬಾಗಿಲಲ್ಲಿ, ಕಂಬ ಹಿಡ್ಕೊಂಡು, ಹೊರಗೆ ಮುಖ ಮಾಡ್ಕೊಂಡು ನಿಂತೆ.

ದಿವಾ ಬಂತು. ದಿವಾ ಅಂದ್ರೆ ಆಗ ಫಾಸ್ಟ್ ನಿಲ್ಲದ ಸ್ಟೇಷನ್, ಆ ಜನಕ್ಕೆ ಸ್ಲೋ ಒಂದೇ ಗತಿ, ಆ ಸ್ಲೋಗಳೆಲ್ಲ ನಮ್ಮಂಥೋರಿಂದ ತುಂಬೇ ಬರ್ತಿದ್ದಿದ್ದು. ಮುಂದೆ 2015ರ ಜನವರಿ 2ನೇ ತಾರೀಖು ಅಲ್ಲಿಯ ಜನ ಸಿಟ್ಟು ತಡೀಲಾರದೆ ಹಳಿಗಿಳಿದು ಕಲ್ಲು ಹೊಡೆದಿದ್ದನ್ನ ನಾನು ಹಾಸನದಲ್ಲಿ ಟಿವಿಲಿ ನೋಡ್ದೆ. ಸರಿ, ಆವತ್ತು ಪ್ಲಾಟ್‌ಫಾರ್ಮ್ ತುಂಬ ಜನ. ಗಾಡಿ ನಿಂತ ಕೂಡ್ಲೇ ಐದಾರು ಜನ ನನ್ನ ಮೈಮೇಲೇ ಬಿದ್ರು. ಅದರಲ್ಲೊಬ್ಬ ಹುಡುಗ, ಹದಿನೇಳು ಹದಿನೆಂಟು ಇರ್ಬೋದು, ಕೈಲಿ ಸ್ಟೀಲ್ ಡಬ್ಬಿ ಇಟ್ಟ ಪ್ಲಾಸ್ಟಿಕ್ ಕವರ್ರು, ಕಾಲಲ್ಲಿ ನೀಲಿ ಪಟ್ಟಿ ಹವಾಯಿ ಚಪ್ಪಲಿ. ಒಂದು ಕಾಲು ಇಟ್ಟ. ನನ್ನ ಭುಜದ ಹಿಂದಿನ ಕಂಬಕ್ಕೆ ಕೈ ಚಾಚ್ದ. "ಕಾಕಾ, ಥೋಡಾ ಅಂದರ್" ಅಂದ.

ನಾನು "ಜಾಗಾ ನಹೀ ಹೈ" ಅಂದೆ. ಹತ್ತು ನಿಮಿಷ ಆಗಿರ್ಲಿಲ್ಲ ಅದೇ ಮಾತಿಗೆ ನನಗೆ ಮೈ ಉರಿದು. ತಳ್ಳಲಿಲ್ಲ ನಾನು, ಇದನ್ನ ಎಷ್ಟು ಸಲ ನನಗೆ ನಾನೇ ಹೇಳ್ಕೊಂಡಿದೀನೋ. ಕೈ ಎತ್ತಲಿಲ್ಲ, ಬೈಲಿಲ್ಲ. ಭುಜ ಒಂದು ನಾಲ್ಕು ಬೆರಳಗಲ ಬಲಕ್ಕೆ ತಂದೆ, ಅಷ್ಟೇ. ಅವನ ಕೈಗೆ ಕಂಬ ಸಿಗ್ಲಿಲ್ಲ. ಗಾಡಿ ಹೊರಡ್ತು, ಅವನು ಎರಡು ಹೆಜ್ಜೆ ಜೊತೆಗೇ ಕುಂಟ್ಕೊಂಡು ಬಂದು ಬಿಟ್ಬಿಟ್ಟ. ಬೀಳ್ಲಿಲ್ಲ, ದೇವರು ದೊಡ್ಡೋನು, ಪ್ಲಾಟ್‌ಫಾರ್ಮ್ ಇನ್ನೂ ಇತ್ತು. ಚಪ್ಪಲಿ ಮಾತ್ರ ಒಂದು ಇಲ್ಲೇ ಉಳೀತು, ನನ್ನ ಕಾಲ ಹತ್ರ, ಬಾಗಿಲ ಅಂಚಲ್ಲಿ.

ದಿವಾ ಬಿಟ್ಟು ಒಂದೂವರೆ ಕಿಲೋಮೀಟರ್ ಹೋಗಿರ್ಬೋದು, ಗಾಡಿ ನಿಂತೋಯ್ತು. ಒಂದು ಕಡೆ ಮುಂಬ್ರಾದೇವಿ ಬೆಟ್ಟ, ಇನ್ನೊಂದು ಕಡೆ ಖಾಡಿ, ಸಮುದ್ರದ ನೀರು ಒಳಗೆ ಬರೋ ಜಾಗ. ಐದು ನಿಮಿಷ, ಹತ್ತು, ಇಪ್ಪತ್ತು. ಫ್ಯಾನು ನಿಂತೋಯ್ತು. ಯಾರದೋ ಬೆವರು ನನ್ನ ಕತ್ತಿನ ಮೇಲೆ ತೊಟ್ಟಿಕ್ತಿತ್ತು. ಮುಂದೆ ಏನೋ ಆಗಿದೆ ಅಂತ ಒಬ್ಬ, ತಂತಿ ಅಂತ ಒಬ್ಬ, ಆಕ್ಸಿಡೆಂಟ್ ಅಂತ ಇನ್ನೊಬ್ಬ. ಅರ್ಧ ಗಂಟೆ ಮೇಲಾದಾಗ ದಿವಾ ಕಡೆಯಿಂದ ಹಳಿ ಮೇಲೆ ಜನ ನಡ್ಕೊಂಡು ಬರೋಕೆ ಶುರುವಾದ್ರು. ಹತ್ತೋಕಾಗದೆ ಉಳಿದಿದ್ದೋರು, ಇನ್ನು ಗಾಡಿ ಬರಲ್ಲ ಅಂತ ಅವರಿಗೆ ಮೊದಲು ತಿಳೀತು ಕಾಣುತ್ತೆ. ಮುಂಬ್ರಾಕ್ಕೆ ಹೋದ್ರೆ ರಿಕ್ಷಾನೋ ಬಸ್ಸೋ ಸಿಗುತ್ತೆ ಅಂತ ಹೊರಟಿದ್ರು. ಆ ಗುಂಪಲ್ಲಿ ಅವನೂ ಇದ್ದ. ಉಳಿದ ಒಂದು ಚಪ್ಪಲಿನ ಕೈಲಿ ಹಿಡ್ಕೊಂಡು, ಜಲ್ಲಿ ಮೇಲೆ ಬರಿಗಾಲಲ್ಲಿ, ಹಳಿ ಕೆಳಗಿನ ಅಡ್ಡ ಸ್ಲೀಪರಿಂದ ಸ್ಲೀಪರಿಗೆ ಕಾಲಿಡ್ತಾ ಬರ್ತಿದ್ದ.

ನಾನು ಏನೂ ಮಾತಾಡ್ಲಿಲ್ಲ. ಕಾಲಲ್ಲಿ ಚಪ್ಪಲಿನ ಅಂಚಿಂದ ಕೆಳಗೆ ತಳ್ಳಿದೆ. ಅದು ಬಿದ್ದ ಸದ್ದಿಗೆ ಅವನು ನೋಡ್ದ, ಎತ್ಕೊಂಡ, ಎರಡೂ ಹಾಕ್ಕೊಂಡ. ತಲೆ ಎತ್ತಿ ನನ್ನ ನೋಡಿ "ಕಾಕಾ, ಟೈಮ್ ಕ್ಯಾ ಹುವಾ?" ಅಂದ. ನಾನು ವಾಚ್ ನೋಡಿ "ನೌ ಪಚಾಸ್" ಅಂದೆ. "ಅರೇ ಬಾಪ್ರೇ" ಅಂತ ಡಬ್ಬಿ ಎದೆಗವಚಿಕೊಂಡು ಓಡೇ ಬಿಟ್ಟ. ನಮ್ಮ ಗಾಡಿ ಮುಂಬ್ರಾ ಮುಟ್ಟೋ ಹೊತ್ತಿಗೆ ಅವನು ಠಾಣೆ ದಾಟಿರ್ತಾನೆ. ನನಗೆ ಅರ್ಧ ದಿನದ ಸಂಬಳ ಹೋಯ್ತು.

ಬಹಳ ವರ್ಷ ಇದನ್ನ ನಾನು ಅವನು ದೊಡ್ಡ ಮನಸ್ಸು ಮಾಡ್ದ ಅಂತ ನೆನೆಸ್ಕೋತಿದ್ದೆ. ಈಗ ಅನ್ಸುತ್ತೆ, ಹಂಗೇನಲ್ಲ, ಅವನಿಗೆ ನನ್ನ ಗುರುತೇ ಸಿಗ್ಲಿಲ್ಲ. ಬಾಗಿಲಲ್ಲಿ ನಿಂತವನ ಮುಖ ಯಾರು ನೋಡ್ತಾರೆ. ಅವನು ನೋಡಿದ್ದು ಒಂದು ಭುಜ, ಅದರ ಹಿಂದೆ ಒಂದು ಕಂಬ. ನಾನೂ ಹಂಗೇ, ಡೊಂಬಿವಿಲಿಲಿ ನನಗೆ ಜಾಗ ಇಲ್ಲ ಅಂದವನ ಮುಖ ನೆನಪಿಲ್ಲ, ಅವನ ಷರ್ಟಿನ ಬೆನ್ನು ನೆನಪಿದೆ, ಬಿಳಿದು, ಒದ್ದೆ ಆಗಿತ್ತು. ಗುಂಪಲ್ಲಿ ಸೀಟು ಬಿಟ್ಟುಕೊಡ್ತಿದ್ದವನೂ ನಾನೇ, ಭುಜ ಬಲಕ್ಕೆ ತಂದವನೂ ನಾನೇ, ಮಧ್ಯೆ ಇದ್ದಿದ್ದು ಬರೀ ಬರದೇ ಹೋದ ಎರಡು ಗಾಡಿ. ಹೀಗಂದ್ರೆ ನನ್ನ ತಪ್ಪನ್ನ ರೈಲ್ವೆ ತಲೆಗೆ ಕಟ್ಟಿದಂಗಾಗುತ್ತಾ? ಆಗ್ಬೋದು. ಒಂದೊಂದು ರಾತ್ರಿ ಹಂಗೂ ಅನ್ಸುತ್ತೆ, ಒಂದೊಂದು ರಾತ್ರಿ ಹಿಂಗೂ ಅನ್ಸುತ್ತೆ. ಪ್ಲಾಟ್‌ಫಾರ್ಮ್ ಅಲ್ಲಿಗೆ ಮುಗಿದಿದ್ರೆ ಅಂತ ಯೋಚನೆ ಬಂದ ರಾತ್ರಿ ಮಾತ್ರ ಎದ್ದು ನೀರು ಕುಡೀತೀನಿ.

ಜೂನಿನ ಆ ಮುಂಬ್ರಾ ಅಪಘಾತ ಆದ್ಮೇಲೆ ಏಸಿ ಇಲ್ಲದ ಲೋಕಲ್ಲಿಗೂ ತಾನಾಗೇ ಮುಚ್ಚೋ ಬಾಗಿಲು ಹಾಕ್ತೀವಿ, ಗಾಳಿಗೆ ಬಾಗಿಲಲ್ಲೇ ಸಂದು ಬಿಡ್ತೀವಿ, ಮೇಲಿಂದ ಗಾಳಿ ಹಾಕ್ತೀವಿ ಅಂತ ರೈಲ್ವೆಯೋರು ಹೇಳಿದಾರೆ. ಏಸಿ ಲೋಕಲ್ 2017ರ ಡಿಸೆಂಬರಿಂದ ಅಲ್ಲಿ ಓಡ್ತಿದೆ, ಅದರ ಬಾಗಿಲು ಮುಚ್ಚೇ ಹೋಗೋದು. ಹಾಕ್ಲಿ, ಬೇಗ ಹಾಕ್ಲಿ, ಬೀಳೋದು ನಿಲ್ಲುತ್ತೆ. ನನಗೆ ಅದರಲ್ಲಿ ಇನ್ನೊಂದು ಆಸೆನೂ ಇದೆ, ಜಾಗ ಇಲ್ಲ ಅಂತ ಹೇಳೋ ಕೆಲಸ ಇನ್ನು ಮನುಷ್ಯನ ಭುಜಕ್ಕೆ ಬರಲ್ಲ, ಬಾಗಿಲೇ ಹೇಳುತ್ತೆ. ಆದ್ರೆ ಬಾಗಿಲ ಹೊರಗೆ ಉಳಿದೋನಿಗೆ ಆಫೀಸಲ್ಲಿ ಲೇಟ್ ಮಾರ್ಕ್ ಬೀಳೋದು ಬೀಳುತ್ತಲ್ಲ, ಗಾಡಿ ಜಾಸ್ತಿ ಬಿಡದೆ ಬರೀ ಬಾಗಿಲು ಹಾಕಿದ್ರೆ ಅವನು ಏನ್ ಮಾಡ್ಬೇಕು ಅನ್ನೋದು ನನಗೆ ತಿಳೀತಿಲ್ಲ.

ಇಲ್ಲಿ

ನಮ್ಮ ಕಡೆ ಗಾಡಿ ನಿಲ್ಲೋದೇ ಬೇರೆ ಥರ. 2024ರ ಜುಲೈ ಕೊನೇಲಿ ಎಡಕುಮರಿ ಕಡಗರವಳ್ಳಿ ಮಧ್ಯೆ ಗುಡ್ಡ ಜಾರಿ ಹಳಿ ಕೆಳಗಿನ ಮಣ್ಣೇ ಹೋಗಿತ್ತಲ್ಲ, ಮಂಗಳೂರು ಗಾಡಿಗಳು ದಿನಗಟ್ಟಲೆ ಬಂದ್. ಸಕಲೇಶಪುರ ಸುಬ್ರಹ್ಮಣ್ಯ ಮಧ್ಯೆ 55 ಕಿಲೋಮೀಟರ್ ಘಾಟಿ, 57 ಸುರಂಗ, ಮಳೆಗಾಲದಲ್ಲಿ ಅದು ಯಾವಾಗ ಮುನಿಸ್ಕೊಳುತ್ತೋ ಹೇಳೋಕಾಗಲ್ಲ ಅಂತ ಇಲ್ಲಿಯ ಎಲ್ಲರಿಗೂ ಗೊತ್ತು. ಆ ವಾರ ಏನೋ ಕೆಲಸಕ್ಕೆ ಹಾಸನ ಸ್ಟೇಷನ್ನಿಗೆ ಹೋಗಿದ್ದೆ. ಪ್ಲಾಟ್‌ಫಾರ್ಮ್ ಖಾಲಿ. ನನಗದು ವಿಚಿತ್ರ ಅನ್ನಿಸ್ತು. ಮುಂಬೈಲಿ ಗಾಡಿ ಕ್ಯಾನ್ಸಲ್ ಅಂದ್ರೆ ಪ್ಲಾಟ್‌ಫಾರ್ಮ್ ತುಂಬುತ್ತೆ, ಇಲ್ಲಿ ಗಾಡಿ ಕ್ಯಾನ್ಸಲ್ ಅಂದ್ರೆ ಪ್ಲಾಟ್‌ಫಾರ್ಮ್ ಖಾಲಿ ಆಗುತ್ತೆ. ಜನ ಬಸ್ ನೋಡ್ಕೋತಾರೆ, ಇಲ್ಲ ಹೋಗೋದನ್ನೇ ಬಿಡ್ತಾರೆ, ಮದುವೆ ಇದ್ರೆ ಫೋನ್ ಮಾಡಿ "ಗಾಡಿ ಇಲ್ಲ ಕಣೋ, ಮುಯ್ಯಿ ಆಮೇಲೆ ಕಳಿಸ್ತೀನಿ" ಅಂತಾರೆ. ಹೋಗದೇ ಇರಬಹುದು ಅನ್ನೋದು ಎಷ್ಟು ದೊಡ್ಡ ಸವಲತ್ತು ಅಂತ ಇಲ್ಲೇ ಇದ್ದೋರಿಗೆ ಅನ್ಸಲ್ಲ.

ನಮ್ಮ ಮಗಳ ಕಾಲಕ್ಕೆ ಅದೂ ಹೋಯ್ತು. ಅವಳು ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಮಾಡ್ತಾಳೆ, ಎರಡು ವಾರಕ್ಕೊಂದ್ಸಲ ಮನೆಗೆ ಬರ್ತಾಳೆ. 2017ರಲ್ಲಿ ಶ್ರವಣಬೆಳಗೊಳ ಕುಣಿಗಲ್ ಮೇಲೆ ಹೊಸ ಲೈನ್ ಆದ್ಮೇಲೆ ನಮ್ಮೂರಿಗೂ ಬೆಂಗಳೂರಿಗೂ ನೇರ ದಾರಿ ಆಯ್ತಲ್ಲ, ಅಲ್ಲೀತನಕ ಅರಸೀಕೆರೆನೋ ಮೈಸೂರೋ ಸುತ್ತು ಹಾಕ್ಕೊಂಡು ಹೋಗ್ಬೇಕಿತ್ತು, ಇಲ್ಲ ಬಸ್ಸೇ ಗತಿ. ಈಗ ಯಶವಂತಪುರದಲ್ಲಿ ಇಳಿದ್ರೆ ಮೆಟ್ರೊ. 2025ರ ಆಗಸ್ಟಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗೋ ಹಳದಿ ಲೈನ್ ಶುರುವಾದಾಗ ಅವಳಿಗೆ ಖುಷಿಯೋ ಖುಷಿ. ಎರಡೇ ದಿನ. ಮೂರನೇ ದಿನ ಫೋನ್ ಮಾಡಿ "ಅಪ್ಪ, ಇರೋದು ಮೂರೇ ಟ್ರೈನು, 25 ನಿಮಿಷಕ್ಕೊಂದು, ಆರ್.ವಿ. ರೋಡಲ್ಲಿ ಕಾಲಿಡೋಕೆ ಜಾಗ ಇಲ್ಲ" ಅಂದ್ಳು. ಟ್ರೈನ್ ಒಳಗೆ ಏಸಿ, ತಣ್ಣಗಿದೆ, ಬಾಗಿಲೂ ಮುಚ್ಚುತ್ತೆ. ಆದ್ರೂ ನನಗೆ ಆ ಪ್ಲಾಟ್‌ಫಾರ್ಮ್ ಇಲ್ಲಿ ಕೂತೇ ಕಾಣ್ತು. ನಾನು ನನ್ನ ಹಳೇ ವಿದ್ಯೆಯೆಲ್ಲ ಹೇಳ್ಕೊಟ್ಟೆ, ಎಲ್ಲಿ ನಿಲ್ಲಬೇಕು, ಬ್ಯಾಗ್ ಎದೆಗೆ ಹಾಕ್ಕೊ, ಮೈ ಸಡಿಲ ಬಿಡು, ಮಧ್ಯಕ್ಕೆ ಹೋಗು, ಬಾಗಿಲಲ್ಲಿ ನಿಲ್ಲಬೇಡ. ಅವಳು "ಅಪ್ಪ, ಮೆಟ್ರೊ ಇದು, ಯುದ್ಧ ಅಲ್ಲ" ಅಂತ ನಕ್ಕಳು. ಚಪ್ಪಲಿ ವಿಷ್ಯ ಅವಳಿಗೆ ಹೇಳಿಲ್ಲ. ಮನೆಯವಳಿಗೂ ಹೇಳಿಲ್ಲ, ಇದನ್ನ ಓದಿದ್ರೆ ಗೊತ್ತಾಗುತ್ತೆ.

ಹೋದ ಭಾನುವಾರ ಅವಳನ್ನ ಗಾಡಿ ಹತ್ತಿಸೋಕೆ ಹೋಗಿದ್ದೆ. ಮಂಗಳೂರು ಕಡೆಯಿಂದ ಬರೋ ಗಾಡಿ, ಹಬ್ಬದ ರಜಾ ಮುಗಿದಿತ್ತು, ರಿಸರ್ವೇಶನ್ ಸಿಕ್ಕಿರ್ಲಿಲ್ಲ, ಜನರಲ್ಲೇ. ಅರ್ಧ ಗಂಟೆ ಲೇಟು ಅಂದ್ರು, ಐವತ್ತು ನಿಮಿಷ ಆಯ್ತು. ನಾನು ಕಂಬ ಗುರುತು ಹಿಡಿದು ಬಾಗಿಲು ಎಲ್ಲಿ ಬರುತ್ತೋ ಅಲ್ಲೇ ಅವಳನ್ನ ನಿಲ್ಲಿಸಿದ್ದೆ, ಒಂದು ಮಾರು ಹೆಚ್ಚುಕಮ್ಮಿ ಆಗ್ಲಿಲ್ಲ, ನನಗೇ ಹೆಮ್ಮೆ ಆಯ್ತು. ಮೆಟ್ಟಿಲ ತನಕ ಜನ. ಒಳಗಿಂದ "ಇಲ್ಲ ಇಲ್ಲ, ಇಲ್ಲಿ ಆಗಲ್ಲ" ಅಂತಿದ್ರು. ಅವಳ ಬೆನ್ನಿಗೆ ನನ್ನ ಅಂಗೈ ಅಗಲ ಮಾಡಿ ಇಟ್ಟು ಒತ್ತಿದೆ, ತಳ್ಳೋದಲ್ಲ, ಒತ್ತೋದು, ಹತ್ತಿದಳು. ಅಮ್ಮ ಕಟ್ಟಿಕೊಟ್ಟ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಇದ್ದ ಕೈಚೀಲ ಮೇಲೆ ಕೊಟ್ಟೆ. ಅವಳು ಬಾಗಿಲಲ್ಲೇ ತಿರುಗಿ ನಿಂತು ಒಂದು ಕೈಲಿ ಹಿಡಿಕೆ ಹಿಡ್ಕೊಂಡ್ಳು. ಬ್ಯಾಗ್ ಎದೆಗೆ ಹಾಕ್ಕೊಂಡಿದ್ಳು, ಯಾವಾಗ ಹಾಕ್ಕೊಂಡ್ಳೋ.

ಅಷ್ಟರಲ್ಲಿ ನನ್ನ ಪಕ್ಕದಿಂದ ಒಬ್ಬ ಹುಡುಗ, ಸೂಟ್‌ಕೇಸ್ ಒಂದು, ತೆಂಗಿನಕಾಯಿ ಚೀಲ ಒಂದು, ಓಡಿ ಬಂದ. ಮೆಟ್ಟಿಲ ಮೇಲೆ ಕಾಲಿಟ್ಟು "ಅಕ್ಕ, ಸ್ವಲ್ಪ ಒಳಗೆ" ಅಂದ.

ಅವಳು "ಜಾಗ ಇಲ್ಲಪ್ಪ, ಮುಂದಿನ ಬೋಗಿಗೆ ಹೋಗಿ" ಅಂದ್ಳು. ಒರಟಾಗೇನೂ ಅಲ್ಲ, ಮೆತ್ತಗೇ ಅಂದ್ಳು. ಅವನು ಕಾಲು ತೆಗೆದು ಚೀಲ ಹೆಗಲಿಗೇರಿಸಿ ಆ ಕಡೆ ಓಡ್ದ. ನಾನು ಅವನ ಹಿಂದೆ ಹೋಗೋಣ, ಚೀಲನಾದ್ರೂ ಹಿಡ್ಕೊಳೋಣ ಅಂತ ತಿರುಗೋ ಹೊತ್ತಿಗೆ ಗಾಡಿ ಅಲ್ಲಾಡ್ತು. ಅವನು ಹತ್ತಿದ್ನೋ ಇಲ್ವೋ ಜನದ ಮಧ್ಯೆ ಕಾಣಿಸ್ಲಿಲ್ಲ. ಗಾಡಿ ಹೋದ್ಮೇಲೆ ಪ್ಲಾಟ್‌ಫಾರ್ಮ್ ಉದ್ದಕ್ಕೂ ಒಂದ್ಸಲ ನಡೆದು ನೋಡ್ಕೊಂಡು ಬಂದೆ.

ಮನೆಗೆ ಬಂದು ಸ್ಕೂಟರ್ ನಿಲ್ಲಿಸೋ ಹೊತ್ತಿಗೆ ವಾಟ್ಸಾಪ್ ಬಂತು. "ಚನ್ನರಾಯಪಟ್ಟಣದಲ್ಲಿ ಒಬ್ರು ಇಳಿದ್ರು ಅಪ್ಪ, ಸೀಟ್ ಸಿಕ್ತು. ಊಟ ಮಾಡಿ."